ಮೂವತ್ತಮೂರನೇ ಅರ್ಜಿ

ದೇವರಾಯಸಮುದ್ರದ ಗೇಟಿನಲ್ಲಿ ಬೆಳಗಿನ ಬಸ್ಸು ಹತ್ತುವ ಅನಿತಳಿಗೆ ಕೂರಲು ಜಾಗ ಸಿಕ್ಕಿದ್ದು ಆ ವರ್ಷದಲ್ಲಿ ನಾಲ್ಕೋ ಐದೋ ಸಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮಡಚಿದ ನೋಟ್‌ಬುಕ್. ಹಿಂದಿನವರು ತಳ್ಳಿದರೆ ಸಾಲು ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ ಓದುತ್ತಿದ್ದಳು. ಎಂ.ಎಸ್ಸಿ. ಗಣಿತದ ಪ್ರವೇಶ ಪರೀಕ್ಷೆಗೆ ಅವಳಿಗೆ ಸಿಕ್ಕ ಓದಿನ ಹೊತ್ತೆಂದರೆ ಕೋಲಾರ ಮುಟ್ಟುವವರೆಗಿನ ಆ ಅರ್ಧ ಗಂಟೆ.

ಕೋಲಾರದಲ್ಲಿ ಇಳಿದರೆ ಮುರಳಿಮೋಹನನ ಕೋಚಿಂಗ್ ಸೆಂಟರ್. ಬೇಕರಿಯ ಮೇಲೆ ಮೂರು ಕೋಣೆ. ಬಾಗಿಲು ತೆಗೆದು, ಕಸ ಗುಡಿಸಿ, ಬೋರ್ಡು ಒರೆಸುವವಳು ಅವಳು. ಎಂಟಕ್ಕೆ ಪಿಯುಸಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳೂ ಅವಳೇ. ಹತ್ತಕ್ಕೆ ಪ್ರವೇಶ ಪರೀಕ್ಷೆಯ ಬ್ಯಾಚು ಕೂತಾಗ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಳು. ಒಂದು ಪ್ರಮೇಯ ಮುಗಿಯುವುದರೊಳಗೆ ಎರಡು ಸಲ ಕರೆ ಬರುತ್ತಿತ್ತು. ಜೆರಾಕ್ಸ್ ಮಾಡು, ಪೋಷಕರು ಬಂದಿದಾರೆ ಮಾತಾಡು.

ಇದಕ್ಕೆಲ್ಲ ಸಂಬಳವಿರಲಿಲ್ಲ. ಸೇರುವ ದಿನ, ಫೀಸು ಕಟ್ಟುವ ಶಕ್ತಿ ನಮಗಿಲ್ಲ ಎಂದು ತಾಯಿ ಕದಿರಮ್ಮ ಹೇಳಿದಾಗ, ಫೀಸು ಯಾರು ಕೇಳಿದರಮ್ಮ, ನಮ್ಮನೆ ಹುಡುಗಿ ಇದ್ದಂಗೆ ಇರಲಿ ಎಂದಿದ್ದ ಮುರಳಿಮೋಹನ. ಕದಿರಮ್ಮ ಟೊಮ್ಯಾಟೊ ಮಂಡಿಯಲ್ಲಿ ಹಣ್ಣು ವಿಂಗಡಿಸುವ ಕೂಲಿಯವಳು. ಹಣ್ಣಿನ ಹುಳಿಗೆ ಸೀಳಿದ್ದ ಕೈಗಳನ್ನು ಜೋಡಿಸಿ ಅವನಿಗೆ ಮುಗಿದಿದ್ದಳು. ಅಷ್ಟಾದರೂ ಅಣಕು ಪರೀಕ್ಷೆಗಳಲ್ಲಿ ಅನಿತಳದೇ ಮೊದಲ ಸ್ಥಾನ. ಬೀಗ ರಿಪೇರಿಯ ರಹಮತ್ತುಲ್ಲಾರ ಮಗಳು ಕಹಕಶಾ ಪಕ್ಕದಲ್ಲೇ ಕೂತು, ನೀನು ಓದೋದು ಯಾವಾಗ್ಲೇ ಎಂದು ಬೆರಗಾಗುತ್ತಿದ್ದಳು.

ಅರ್ಜಿ ಹಾಕುವ ಕಾಲ ಬಂತು. ಸೆಂಟರಿನ ಕಂಪ್ಯೂಟರಿನಲ್ಲಿ ಮೂವತ್ತೆರಡು ಜನರ ಅರ್ಜಿಯನ್ನು ಅನಿತಳೇ ತುಂಬಿದಳು. ಮೂವತ್ತಮೂರನೆಯದು ಅವಳದು. ಶುಲ್ಕವನ್ನು ಎಲ್ಲರೂ ಮುರಳಿಮೋಹನನ ಕೈಗೆ ಕೊಟ್ಟರು. ಅವನು ತನ್ನ ಫೋನಿನಿಂದ ಕಟ್ಟುವುದೆಂದು ಮಾತು. ಅನಿತ ದಿನಾ ಕೇಳುತ್ತಿದ್ದಳು. ಅವನು ದಿನಾ ಸರ್ವರ್ ಬಿಜಿ ಎನ್ನುತ್ತಿದ್ದ. ಕೊನೆಯ ದಿನ ಸಂಜೆ, ಎಲ್ಲರದೂ ಆಯ್ತು, ನಿಶ್ಚಿಂತೆಯಾಗಿ ಓದ್ಕೋ ಹೋಗು ಎಂದ.

ಹಾಲ್ ಟಿಕೆಟ್ ಬಂದ ದಿನ ಅವಳು ಮೂವತ್ತೆರಡನ್ನೂ ಪ್ರಿಂಟ್ ತೆಗೆದಳು. ತನ್ನ ನಂಬರು ಒತ್ತಿದಾಗ ಪರದೆಯ ಮೇಲೆ ಒಂದೇ ಸಾಲು. ಶುಲ್ಕ ಪಾವತಿಯಾಗಿಲ್ಲ. ಮತ್ತೆ ಒತ್ತಿದಳು. ಅದೇ ಸಾಲು.

ಮುರಳಿಮೋಹನ ಫೋನು ನೋಡುತ್ತಲೇ ಹೇಳಿದ. "ಒಂದು ಮಿಸ್ ಆಗೋಯ್ತು ಕಣಮ್ಮ. ಮರ್ತೋಯ್ತು. ನಾವೂ ಮನುಷ್ಯರಲ್ವಾ?"

ಡ್ರಾಯರಿನಿಂದ ಅವಳ ಶುಲ್ಕ ತೆಗೆದು ಮೇಜಿನ ಮೇಲಿಟ್ಟ. ಮುಂದಿನ ವರ್ಷವೂ ಪರೀಕ್ಷೆ ಇರುತ್ತದೆ, ವಯಸ್ಸೇನು ಓಡಿಹೋಗುವುದಿಲ್ಲ, ಇನ್ನು ಮೇಲೆ ಸ್ವಲ್ಪ ಸಂಬಳವನ್ನೂ ಕೊಡುತ್ತೇನೆ ಎಂದ. ಅನಿತ ಹೊರಗೆ ಬಂದಳು. ಪರೀಕ್ಷೆಯ ಸಹಾಯವಾಣಿಗೆ ಫೋನು ಮಾಡಿದರೆ ಗಡುವು ಮುಗಿದಿದೆ ಎಂದರು. ಕಹಕಶಾಳ ಫೋನಿನಿಂದ ಮಾಡಿದರೂ ಅದೇ ಉತ್ತರ.

ಮನೆಯಲ್ಲಿ ಕದಿರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. "ಮಂಡೀಲಿ ಕೂಲಿ ಮರ್ತೋದ್ರೆ ಮಾರನೇ ದಿನ ನಿಂತು ಕೇಳ್ತೀವಿ," ಎಂದಳು. "ಒಂದು ವರ್ಷಾನ ಯಾರ ಹತ್ರ ಕೇಳ್ತೀಯಮ್ಮ?"

ಅನಿತಳಿಗೆ ಕೂರಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ಕೆಲಸ ಬಿಟ್ಟರೆ ಪುಸ್ತಕವೂ ಇಲ್ಲ, ಕಂಪ್ಯೂಟರೂ ಇಲ್ಲ. ಬಸ್ಸು ಹತ್ತುತ್ತಲೇ ಇದ್ದಳು. ನೋಟ್‌ಬುಕ್ ಮಾತ್ರ ತೆರೆಯುತ್ತಿರಲಿಲ್ಲ.

ಒಂದು ವಾರದ ಮೇಲೆ ಪ್ರೆಸ್ಸಿನವನು ಕರಪತ್ರಗಳ ಕಟ್ಟು ತಂದು, ಬಿಲ್ಲನ್ನು ಅವಳ ಕೈಗೇ ಕೊಟ್ಟು ಹೋದ. ಮುಂದಿನ ವರ್ಷದ ಬ್ಯಾಚಿನ ಜಾಹೀರಾತು. ಒಂದು ಮೂಲೆಯಲ್ಲಿ ಅವಳದೇ ಫೋಟೋ. ಅರ್ಜಿಗೆಂದು ತೆಗೆಸಿದ್ದು. ಕೆಳಗೆ, "ಗಣಿತ: ಕುಮಾರಿ ಅನಿತ, ಅನುಭವಿ ಉಪನ್ಯಾಸಕಿ." ಅವಳು ಬಿಲ್ಲು ನೋಡಿದಳು. ಆರ್ಡರ್ ಕೊಟ್ಟ ತಾರೀಕು ಮೇ ಮೂರು. ಶುಲ್ಕ ಕಟ್ಟಲು ಕೊನೆಯ ದಿನ ಮೇ ಇಪ್ಪತ್ತಾಗಿತ್ತು.

ಅವನು ಮರೆತಿರಲಿಲ್ಲ. ಮರೆಯುವುದಕ್ಕೆ ಹದಿನೇಳು ದಿನ ಮೊದಲೇ ಅವಳನ್ನು ಉಪನ್ಯಾಸಕಿ ಮಾಡಿಯಾಗಿತ್ತು.

ರಸಾಯನಶಾಸ್ತ್ರ ಹೇಳುವ ಸುನಂದ ಹಿಂದೆ ಬಂದು ನಿಂತಿದ್ದಳು. ಬಿಲ್ಲನ್ನು ನೋಡಿ ಬಾಗಿಲು ಮುಂದಕ್ಕೆ ಮಾಡಿದಳು.

"ನನ್ನದೂ ಮರ್ತೋಗಿತ್ತು ಅನಿತ. ಮೂರು ವರ್ಷದ ಹಿಂದೆ."

"ಒಂದು ಮಾತು ನಂಗೆ ಹೇಳ್ಬೋದಿತ್ತಲ್ಲ ಅಕ್ಕ."

ಸುನಂದ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಮನೆಯಲ್ಲಿ ಮದುವೆಯ ಮಾತು ಎತ್ತಿದ್ದರು, ಈ ಕೆಲಸವೂ ಹೋದರೆ ಅದನ್ನು ತಪ್ಪಿಸಿಕೊಳ್ಳಲು ನೆಪವೇ ಇರುವುದಿಲ್ಲವೆಂದು ಸುಮ್ಮನಾದೆ ಎಂದಳು. ನಿನ್ನದಾದರೂ ಕಟ್ಟುತ್ತಾನೆ ಅಂದುಕೊಂಡೆ ಎಂದಳು. ಅನಿತ ಅವಳ ಮುಖ ನೋಡಲಿಲ್ಲ. ಬಿಲ್ಲನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಪರೀಕ್ಷೆಯ ದಿನ ಕೇಂದ್ರದ ಮುಂದೆ ನಿಂತು ಕರಪತ್ರ ಹಂಚಬೇಕೆಂದು ಮುರಳಿಮೋಹನ ಇಬ್ಬರಿಗೂ ಹೇಳಿದ. ಆಗಲಿ ಸಾರ್ ಎಂದಳು ಅನಿತ. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದವಳು ಕಸ ಗುಡಿಸಲಿಲ್ಲ. ಒಂದು ಹಾಳೆಯಲ್ಲಿ ದುಂಡಗೆ ಬರೆದು, ಅದರ ಕೆಳಗೆ ಬಿಲ್ಲನ್ನಿಟ್ಟು, ಅವನದೇ ಜೆರಾಕ್ಸ್ ಮೆಷಿನ್ನಿಗೆ ಅವನದೇ ಕರಪತ್ರಗಳನ್ನು ಮಗುಚಿ ಹಾಕಿದಳು. ಎಂಟು ಗಂಟೆಗೆ ಪಿಯುಸಿ ಮಕ್ಕಳು ಬರುವಷ್ಟರಲ್ಲಿ ಎಲ್ಲ ಕರಪತ್ರಗಳ ಹಿಂಬದಿಯೂ ಮುದ್ರಣವಾಗಿ, ಕಟ್ಟನ್ನು ಮೊದಲಿನಂತೆ ಕಟ್ಟಿಟ್ಟಾಗಿತ್ತು.

ಪರೀಕ್ಷೆಯ ದಿನ ಕಹಕಶಾ ಒಳಗೆ ಹೋಗುವ ಮುಂಚೆ ಅನಿತಳ ಕೈ ಹಿಡಿದಳು. ನನಗೆ ಹೋಗೋಕೇ ಮನಸ್ಸಿಲ್ಲ ಕಣೇ ಎಂದಳು. ನೀನು ಬರೆಯದಿದ್ದರೆ ಅವನು ಇಬ್ಬರನ್ನೂ ನುಂಗಿದ ಹಾಗಾಗುತ್ತದೆ ಎಂದು ಅನಿತ ಅವಳನ್ನು ಕಳಿಸಿದಳು. ಗಂಟೆ ಹೊಡೆಯಿತು. ಗೇಟು ಮುಚ್ಚಿತು. ಅನಿತ ಕರಪತ್ರಗಳ ಕಟ್ಟು ಬಿಚ್ಚಿದಳು.

ಹೊಂಗೆ ಮರದ ನೆರಳಿನಲ್ಲಿ ಪೋಷಕರು ಕೂತಿದ್ದರು. ಶ್ರೀನಿವಾಸಪುರದ ಆವಲಪ್ಪ ಎಂಬ ರೈತ ಕರಪತ್ರ ತಿರುಗಿಸಿ, ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದ.

"ಈ ಫೋಟೋದಲ್ಲಿ ಇರುವವಳು ನಾನು. ಉಪನ್ಯಾಸಕಿ ಅಲ್ಲ. ಈಗ ಒಳಗೆ ಕೂತು ಪರೀಕ್ಷೆ ಬರೆಯಬೇಕಿದ್ದವಳು. ನನ್ನ ಶುಲ್ಕ ಇಸಿದುಕೊಂಡು ಕಟ್ಟಲಿಲ್ಲ. ಮರೆತೆ ಅಂದರು. ಶುಲ್ಕಕ್ಕೆ ಕೊನೆಯ ದಿನ ಮೇ ಇಪ್ಪತ್ತು. ಈ ಕರಪತ್ರಕ್ಕೆ ಆರ್ಡರ್ ಕೊಟ್ಟ ತಾರೀಕನ್ನು ಕೆಳಗಿನ ಬಿಲ್ಲಿನಲ್ಲಿ ನೋಡಿ."

ಓದು ಬಾರದವರು ಇನ್ನೊಮ್ಮೆ ಓದಿಸಿದರು. ಯಾರೋ ಬೆರಳು ಮಡಚಿ ದಿನ ಎಣಿಸಿದರು. ಅಷ್ಟರಲ್ಲಿ ಕಾರಿನಿಂದ ಇಳಿದ ಮುರಳಿಮೋಹನ ಒಂದು ಹಾಳೆ ಕಿತ್ತುಕೊಂಡು ನೋಡಿದ. ಮುಖ ಬಿಳಿಚಿತು. ಪಕ್ಕಕ್ಕೆ ಬಾ ಎಂದು ಮೆಲ್ಲಗೆ ಕರೆದ. ಅವಳು ಕದಲದಿದ್ದಾಗ, ಸಂಸ್ಥೆಯ ಮಾನ ಕಳೆದಿದ್ದಕ್ಕೆ ಪೊಲೀಸರಿಗೆ ಕೊಡುತ್ತೇನೆ ಎಂದ.

"ನಮ್ಮ ಚಿಕ್ಕ ಮಗಳು ನಿಮ್ಮಲ್ಲೇ ಓದ್ತಾಳೆ ಸಾರ್," ಎಂದ ಆವಲಪ್ಪ. "ಈಯಮ್ಮ ಬರ್ದಿರೋದು ಸುಳ್ಳಾ?"

"ಹುಡುಗಿಗೆ ತಲೆ ಕೆಟ್ಟೈತೆ. ಒಂದು ಸಣ್ಣ ತಪ್ಪು..."

"ನನ್ನದೂ ಅದೇ ಸಣ್ಣ ತಪ್ಪು," ಎಂದಳು ಪಕ್ಕದಲ್ಲಿ ಕರಪತ್ರ ಹಿಡಿದು ನಿಂತಿದ್ದ ಸುನಂದ. ಅವಳ ದನಿ ನಡುಗುತ್ತಿತ್ತು. ಆದರೂ ಎಲ್ಲರಿಗೂ ಕೇಳಿಸಿತು. "ಮೂರು ವರ್ಷ ಆಯ್ತು."

ಪೋಷಕರು ಎದ್ದು ನಿಂತರು. ಅನಿತ ಉಳಿದ ಕರಪತ್ರಗಳನ್ನು ಎದೆಗವಚಿಕೊಂಡಳು. ಕಳೆದುಹೋದ ವರ್ಷ ತಿರುಗಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಬನ್ನಿ ಸಾರ್, ಸ್ಟೇಷನ್‌ಗೆ ಹೋಗೋಣ," ಎಂದಳು. "ಬಿಲ್ಲು ನನ್ನ ಹತ್ರ ಐತೆ."

ಮುರಳಿಮೋಹನ ಕಾರಿನ ಕಡೆ ತಿರುಗಿದ. ಕಾರಿನ ಬಾಗಿಲಿಗೆ ಅಡ್ಡವಾಗಿ ಆವಲಪ್ಪ ನಿಂತಿದ್ದ. ಒಳಗೆ ಪರೀಕ್ಷೆ ಮುಗಿಯಲು ಇನ್ನೂ ಒಂದು ಗಂಟೆಯಿತ್ತು.