ತೊಟ್ಟಿಲ ಹಾಡಿನ ಕ್ಯಾಸೆಟ್

ಮಗ್ಗಕ್ಕೆ ಬಿಡುವ ಎಣ್ಣೆಯನ್ನು ಟೇಪ್ ರೆಕಾರ್ಡರಿಗೆ ಬಿಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತಮಿಳುನಾಡಿನ ಸಿರುಮುಗೈಯ ನಮ್ಮ ನೇಕಾರರ ಬೀದಿಯಲ್ಲಿ ಇದು ಮನೆಮನೆಯ ಚಾಳಿ. ಏನು ಕಿರ್ ಎಂದರೂ ಎಣ್ಣೆ. ಒಳಗಿನ ರಬ್ಬರ್ ಉರುಳೆ ಅದನ್ನು ಕುಡಿದು ಉಬ್ಬಿ, ಕೊಳೆತು, ಹಳೇ ಬೆಲ್ಲದ ಹಾಗೆ ಅಂಟುತ್ತದೆ. ಅಂಥ ಮೂವತ್ತೆಂಟು ಯಂತ್ರಗಳನ್ನು ಒರೆಸಿ ಹಿಂದಿನ ಕೋಣೆಯಲ್ಲಿ ಉಳಿಸಿಕೊಂಡಿದ್ದೇನೆ. ಒಂದೊಂದರ ಹೊಟ್ಟೆ ಬಿಚ್ಚಿದಾಗಲೂ ವಾಕರಿಕೆ ಬಂದಿದೆ.

ಹೋದ ವಾರ ಚಿಕ್ಕಮ್ಮನ ಮಗ ಸತೀಶ್‌ಕುಮಾರ್ ತನ್ನ ತಾಯಿಯ ಟೇಪ್ ರೆಕಾರ್ಡರ್ ತಂದ. ಅವನದು ಸೀರೆ ಅಂಗಡಿ.

“ಅಣ್ಣಾ, ಕಡೈ ಶೋಕೇಸಲ್ಲಿ ಇಡಕ್ಕೆ. ಮೇಲೆ ಪಾಲಿಶ್ ಮಾಡ್ಕೊಟ್ರೆ ಸಾಕು. ಓಡ್ದೆ ಇದ್ರೂ ಪರವಾಯಿಲ್ಲ.”

ಹೆತ್ತವಳ ವಸ್ತು ಇವನಿಗೆ ಗಿರಾಕಿಗಳಿಗೆ ತೋರಿಸುವ ಗೊಂಬೆ! ಥೂ ಎನ್ನಿಸಿತು. ನೋಡಿದರೆ ಒಳಗೊಂದು ಕ್ಯಾಸೆಟ್. ಅದರ ಮೇಲೆ ತಮಿಳಿನಲ್ಲಿ ನನ್ನದೇ ಅಕ್ಷರ: ಕಾಮಾಕ್ಷಿಯಮ್ಮ, ತೊಟ್ಟಿಲು.

ಚಿಕ್ಕಮ್ಮ ಕಾಮಾಕ್ಷಿಯಮ್ಮ ತೀರಿಕೊಂಡು ಹನ್ನೊಂದು ವರ್ಷ. ಮಗುವನ್ನು ಮೊದಲ ಸಲ ಸೀರೆಯ ತೊಟ್ಟಿಲಿಗೆ ಹಾಕುವಾಗ ಹಾಡುವ ನಮ್ಮ ಮನೆಯ ಕನ್ನಡ ಹಾಡು ಪೂರ್ತಿ ಬರುತ್ತಿದ್ದುದು ಅವರೊಬ್ಬರಿಗೇ. ನನ್ನ ಮಗಳು ನಿತ್ಯಾಳ ತೊಟ್ಟಿಲಿನ ದಿನ ನಾನೇ ರೆಕಾರ್ಡ್ ಮಾಡಿ ಕ್ಯಾಸೆಟ್ ಅವರಿಗೇ ಕೊಟ್ಟಿದ್ದೆ. ಈಗ ಶುಕ್ರವಾರ ಅವಳ ಮಗುವಿನ ತೊಟ್ಟಿಲು. ಆ ಹಾಡಿಗಾಗಿ ಅವಳು ನೆಂಟರನ್ನೆಲ್ಲ ಕೇಳಿ ಸೋತಿದ್ದಳು.

ಮೊದಲು ಉರುಳೆ ಒರೆಸು, ಆಮೇಲೆ ಕ್ಯಾಸೆಟ್ ಓಡಿಸು ಎಂದು ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಆವತ್ತು ತಡೆಯಲಾಗಲಿಲ್ಲ. ವೈರ್ ಸಿಕ್ಕಿಸಿ ಗುಂಡಿ ಒತ್ತಿಬಿಟ್ಟೆ.

ಚಿಕ್ಕಮ್ಮ ಕೆಮ್ಮಿದರು. ಒಂದೂವರೆ ಸಾಲು ಹಾಡಿದರು. ನನಗೆ ಅಳು ಬಂತು. ದನಿ ಎಳೆಯತೊಡಗಿತು. ಮೋಟರ್ ನಿಧಾನವೇನೋ ಎಂದುಕೊಂಡು, ಇನ್ನೊಂದು ಸಾಲಿನ ಆಸೆಗೆ ಹಾಗೇ ಓಡಲು ಬಿಟ್ಟೆ. ಗೊರ್ರೆಂದು ನಿಂತಿತು.

ತೆರೆದರೆ ಟೇಪೆಲ್ಲ ಉರುಳೆಗೆ ಸುತ್ತಿಕೊಂಡು ಕಪ್ಪು ಅಂಟಿನಲ್ಲಿ ಮುದ್ದೆಯಾಗಿತ್ತು. ಬಿಡಿಸಿದಷ್ಟೂ ಕಂದು ಲೇಪ ಎದ್ದುಬಂದು ಬರೀ ಪ್ಲಾಸ್ಟಿಕ್ ಉಳಿಯಿತು. ಕೈಯೆಲ್ಲ ಮಗ್ಗದ ಎಣ್ಣೆಯ ಕಮಟು. ಉಳಿದ ಟೇಪಿನಲ್ಲಿದ್ದದ್ದು ಪಂಕ್ತಿ ಊಟದ ಗದ್ದಲ ಮಾತ್ರ.

“ಎಣ್ಣೆ ಬಿಟ್ಟೋನು ನಾನ್ ತಾನೆ ಅಣ್ಣಾ. ತುಕ್ಕು ಹಿಡೀಬಾರ್ದೂಂತ ಬಿಟ್ಟೆ. ಅಮ್ಮನ್ ಪಾಟ್ಟು ಇದ್ರಲ್ಲಿ ಇರೋದು ತೆರಿಯಾದು, ಗೊತ್ತೇ ಇರ್ಲಿಲ್ಲ,” ಎಂದು ಸುದ್ದಿ ಕೇಳಿ ಬಂದ ಸತೀಶ ಕಣ್ಣೊರೆಸಿಕೊಂಡ.

ನಿತ್ಯಾ ಕೇಳಿದಾಗ, “ನಿನ್ ಚಿಕ್ಕಪ್ಪ ಎಣ್ಣೆ ಬಿಟ್ಟು ಕೆಡಿಸ್ಬುಟ್ಟ,” ಎಂದೆ. ಗುಂಡಿ ಒತ್ತಿದವನು ಯಾರೆಂದು ಹೇಳಲಿಲ್ಲ.

ಶುಕ್ರವಾರ ತೊಟ್ಟಿಲು ಕಟ್ಟಲು ಸತೀಶ ಸೀರೆಯ ಅಂಚು ಹಿಡಿದ. ನಿತ್ಯಾ ಅದನ್ನು ಅವನ ಕೈಯಿಂದ ಕಿತ್ತುಕೊಂಡು ನನ್ನ ಕೈಗೆ ಕೊಟ್ಟಳು. ಅವನು ತಲೆ ತಗ್ಗಿಸಿ ಹಿಂದೆ ಸರಿದ. ಥೂ, ನಾನು ಗಂಟು ಹಾಕಿದೆ.