ಕೆನ್ನೆಯ ಕೆಂಪಿಗೆ ಪೌಡರು

ದರ್ಜಿಯ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಮದುವೆ ಗೊತ್ತಾಗುವವರೆಗೆ ಹೆಣ್ಣುಮಕ್ಕಳು ಆಸ್ಪತ್ರೆ ಮೆಟ್ಟಿಲು ಹತ್ತಬಾರದು. ಹೆಣ್ಣಿನ ಕಾಯಿಲೆ ಹೊಸ್ತಿಲು ದಾಟಿದರೆ ಡಂಗುರ ಹೊಡೆದ ಹಾಗೆ ಎಂದು ದರ್ಜಿಯ ಅಮ್ಮ ಹೇಳುತ್ತಿದ್ದರು. ಅವರು ಹೋದ ಮೇಲೆ ದರ್ಜಿಯ ಹೆಂಡತಿ ಆ ಮಾತನ್ನೂ ಬೀಗದ ಕೈ ಗೊಂಚಲಿನ ಜತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುವುದರಲ್ಲಿ ಮಗಳದು ಎತ್ತಿದ ಕೈ. ಎರಡು ತಿಂಗಳಿಂದ ಬೆಳಗಿನ ಹೊತ್ತು ಅವಳ ಬೆರಳು ಮಡಚುತ್ತಿರಲಿಲ್ಲ, ಸೂಜಿ ಜಾರಿ ಬೀಳುತ್ತಿತ್ತು.

"ಮೈಗಳ್ಳತನಕ್ಕೆ ಮದ್ದಿಲ್ಲ ಕಣೆ. ಮಹಡಿ ಮೇಲೆ ಹೋಗಿ ಬಟ್ಟೆ ಹರವು. ಬಿಸಿಲಿಗೆ ಮೂಳೆ ಗಟ್ಟಿಯಾಗುತ್ತೆ," ಎಂದಳು ತಾಯಿ.

ಹುಡುಗಿ ವಾರವಿಡೀ ಬಿಸಿಲಲ್ಲಿ ಕೂತಳು. ಮೂಗಿನಿಂದ ಎರಡೂ ಕೆನ್ನೆಗೆ, ಚಿಟ್ಟೆ ರೆಕ್ಕೆ ಬಿಚ್ಚಿದಂತೆ, ಕೆಂಪೆದ್ದಿತು. ಸಂಜೆಗೆ ಸಣ್ಣ ಜ್ವರ, ಬಾಯೊಳಗೆ ಹುಣ್ಣು, ಬಾಚಣಿಗೆ ತುಂಬ ಕೂದಲು. ತಾಯಿಯ ಬಳಿ ಒಂದೊಂದಕ್ಕೂ ಉತ್ತರವಿತ್ತು. ಕೆಂಪಿಗೆ ಪೌಡರು ಬಳಿದಳು, ಹುಣ್ಣಿಗೆ ಉಷ್ಣವೆಂದಳು, ಕೂದಲಿಗೆ ಸೋಪನ್ನು ಬೈದಳು.

ಅಂಗಡಿಯಲ್ಲಿ ಅಳತೆ ತೆಗೆಯುತ್ತಿದ್ದ ಸೊಸೆ ಸುಮ್ಮನಿರಲಿಲ್ಲ. "ಅತ್ತೆ, ನೀವು ತೋಳು ಬೇರೆ, ಕಾಲರು ಬೇರೆ ಅಂತ ನೋಡ್ತಿದ್ದೀರ. ಸೇರಿಸಿದ್ರೆ ಒಂದೇ ಅಂಗಿ ಅಲ್ವಾ? ಇದೂ ಒಂದೇ ಕಾಯಿಲೆ ಇರ್ಬೇಕು. ರಕ್ತ, ಮೂತ್ರ ಪರೀಕ್ಷೆ ಮಾಡಿಸೋಣ."

"ನಾಳಿದ್ದು ಗಂಡಿನ ಕಡೆಯವರು ಬರ್ತಾರೆ. ಮದುವೆ ಗೊತ್ತಾಗ್ಲಿ, ಆಮೇಲೆ ನಿನ್ನ ಡಾಕ್ಟರಗಿರಿ."

"ಆಮೇಲೆ ಅವರ ಮನೇಲಿ ಮಲಗಿಬಿಟ್ರೆ?"

"ಅವರೇ ಎಬ್ಬಿಸ್ಕೋತಾರೆ ಬಿಡು," ಎಂದು ಅತ್ತೆ ನಕ್ಕಳು. ಸೊಸೆ ನಗಲಿಲ್ಲ.

ಗಂಡಿನ ಕಡೆಯವರು ಬರುವ ದಿನ ಬೆಳಗ್ಗೆ ತಾಯಿ ಮಗಳಿಗೆ ಹೊಸ ಚಪ್ಪಲಿ ತೊಡಿಸಲು ಕೂತಳು. ಹೋದ ತಿಂಗಳು ಅಳತೆ ನೋಡಿ ತಂದದ್ದು. ಪಾದ ಒಳಗೆ ಹೋಗಲೇ ಇಲ್ಲ. ಊದಿದ ಪಾದದಲ್ಲಿ ತಾಯಿಯ ಹೆಬ್ಬೆರಳು ಒತ್ತಿದ ಕಡೆ ಬಿದ್ದ ಗುಳಿ ಹಾಗೇ ಉಳಿಯಿತು.

ಅಂಥ ಗುಳಿಯನ್ನು ಅವಳು ಹಿಂದೊಮ್ಮೆ ಕಂಡಿದ್ದಳು, ತನ್ನ ತಂಗಿಯ ಕಾಲಲ್ಲಿ. ಆಗಲೂ ಮದುವೆ ಹತ್ತಿರವಿತ್ತು. ಆಗಲೂ ಕೆನ್ನೆಗೆ ಪೌಡರು ಹಚ್ಚಿದವಳು ತಾನೇ. ಮದುವೆಯಾದ ಎಂಟು ತಿಂಗಳಿಗೆ ತಂಗಿಯ ಗಂಡನ ಮನೆಯಿಂದ ಸಾವಿನ ಸುದ್ದಿ ಬಂತು: ಮೂತ್ರಪಿಂಡ ಕೆಟ್ಟಿತ್ತಂತೆ, ತುಂಬ ತಡವಾಗಿತ್ತಂತೆ. ಹಣೆಬರಹ ಎಂದು ಎಲ್ಲರೂ ಕೈತೊಳೆದುಕೊಂಡರು.

"ಅಮ್ಮ, ಪೌಡರು ತರ್ಲಾ?"

"ಬೇಡ. ಮುಖ ತೊಳ್ಕೊ."

ಗಂಡಿನ ಕಡೆಯವರು ಆಗಲೇ ಬಾಗಿಲಲ್ಲಿದ್ದರು. ದರ್ಜಿ ಕೈಮುಗಿದು ನಿಂತಿದ್ದ. ಹೆಂಡತಿ ಮಗಳ ಕೈ ಹಿಡಿದು, ಸೊಸೆಯನ್ನು ಕರೆದುಕೊಂಡು ಹೊರಬಂದಳು.

"ಹುಡುಗಿ ಮುಖ ಯಾಕಮ್ಮ ಹೀಗಿದೆ?" ಎಂದರು ಗಂಡಿನ ತಾಯಿ.

"ಅದನ್ನ ಕೇಳೋಕೇ ಆಸ್ಪತ್ರೆಗೆ ಹೊರಟಿದ್ದೀವಿ."

"ಲೇ, ಮಾನ ಹೋಗುತ್ತೆ!" ದರ್ಜಿ ಪಿಸುಗುಟ್ಟಿದ.

"ಹೋಗ್ಲಿ ಬಿಡಿ. ಮಗಳು ಉಳೀಲಿ."

ಪರೀಕ್ಷೆಗಳ ವರದಿ ನೋಡಿ ಡಾಕ್ಟರಮ್ಮ ಲೂಪಸ್ ಎಂದರು. ಮೈಯ ಕಾವಲೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಅಂಟುವುದಿಲ್ಲ, ಪೂರ್ತಿ ಬಿಟ್ಟೂ ಹೋಗುವುದಿಲ್ಲ. ಮೂತ್ರಪಿಂಡಕ್ಕೆ ಈಗಷ್ಟೇ ತಗುಲಿದೆ, ಔಷಧಿ ತಪ್ಪಿಸದಿದ್ದರೆ ಹತೋಟಿಗೆ ಬರುತ್ತದೆ. ಬಿಸಿಲಿಗೆ ಮಾತ್ರ ಕಳಿಸಬೇಡಿ. ಆಮೇಲೆ ಪೆನ್ನು ಎತ್ತಿಕೊಂಡು ಕೇಳಿದರು:

"ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?"

ಸೊಸೆ ಅತ್ತೆಯ ಮುಖ ನೋಡಿದಳು.

"ಆಗಿತ್ತು," ಎಂದಳು ತಾಯಿ. "ನನ್ನ ತಂಗಿಗೆ. ಬರ್ಕೊಳ್ಳಿ."