ಊರಬಾಗಿಲಲ್ಲಿ ನಿಂತ ಇಫ್

10

ಎಲ್ಲಿಂದ ಶುರು ಮಾಡಲಿ? ಅಜ್ಜಂಪುರದ ಬಸ್ ಸ್ಟ್ಯಾಂಡಿನಿಂದ ಮಾಡಬಹುದು. ಅಲ್ಲಿ ಷಣ್ಮುಖಪ್ಪ ಸೈಕಲ್ಲನ್ನು ಹೋಟೆಲಿನ ಗೋಡೆಗೆ ಒರಗಿಸಿ ತರೀಕೆರೆ ಬಸ್ಸಿನ ಕಡೆ ಓಡುತ್ತಿದ್ದಾನೆ. ತರೀಕೆರೆಯ ತೆಂಗಿನಕಾಯಿ ಮಂಡಿಯ ಮೇಲಿನ ಬಾಡಿಗೆ ಕೋಣೆಯಿಂದಲೂ ಮಾಡಬಹುದು. ಅಲ್ಲಿ ಒಂದೇ ಒಂದು ಕಂಪ್ಯೂಟರು ಹಸಿರು ಕಣ್ಣು ಮಿಟುಕಿಸುತ್ತ ಕೂತಿದೆ. ಅಥವಾ ದ್ಯಾವಮ್ಮನ ಬಾಗಿಲಿನಿಂದ. ಆದರೆ ಅಲ್ಲಿಂದ ಶುರು ಮಾಡಿದರೆ ಕಥೆ ಅಲ್ಲೇ ಮುಗಿದುಹೋಗುತ್ತದೆ. ಷಣ್ಮುಖಪ್ಪ ಬಹಳ ದಿನ ಅಲ್ಲಿಗೆ ಹೋಗಲಿಲ್ಲ ಎಂದೇ ಇದು ಕಥೆಯಾಗಿದೆ.

(ಪ್ಯಾರಾಗಳಿಗೆ ಹತ್ತು, ಇಪ್ಪತ್ತು ಎಂದು ನಂಬರು ಹಾಕಿರುವುದು ಸ್ಟೈಲಿಗಲ್ಲ. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರತಿ ಸಾಲಿಗೂ ಹೀಗೆ ನಂಬರು ಕೊಡುತ್ತಾರೆ. ಏನಾದರೂ ಮರೆತಿದ್ದರೆ ಹದಿನೈದು ಎಂದು ನಡುವೆ ತೂರಿಸಲು ಜಾಗ ಇರಲಿ ಅಂತ. ನಾನು ಮರೆಯುವವನು. ಸಂಜೆ ಕ್ಲಾಸಿನಲ್ಲಿ ಕಲಿತವನು ಬೇರೆ. ಜಾಗ ಬಿಟ್ಟುಕೊಂಡೇ ಬರೆಯುತ್ತೇನೆ.)

20

ಮೊದಲ ಡ್ರಾಫ್ಟು ಹೀಗಿತ್ತು: "1987ರ ಒಂದು ಸಂಜೆ. ಆಕಾಶದಲ್ಲಿ ಮೋಡ ಕವಿದಿತ್ತು." ಹರಿದು ಹಾಕಿದೆ. ಮೋಡ ಎಲ್ಲಿತ್ತು? ಸೊಗಸಾದ ಬಿಸಿಲಿತ್ತು. ಅಂಥ ಬಿಸಿಲಲ್ಲೂ ಷಣ್ಮುಖಪ್ಪನಿಗೆ ಮಾತ್ರ ಸಣ್ಣಗೆ ಚಳಿಯಾಗುತ್ತಿತ್ತು.

ಎರಡನೆಯ ಡ್ರಾಫ್ಟಿನಲ್ಲಿ ಅವನಿಗೆ ಹುರಿಮೀಸೆ ಕೊಟ್ಟಿದ್ದೆ. ಅವನೇ ಬಂದು ತಕರಾರು ತೆಗೆದ. "ಮೀಸೆ ಬೋಳಿಸಿ ಸಾರ್. ಇಷ್ಟು ದಪ್ಪ ಮೀಸೆ ಇಟ್ಕಂಡು ಬಾಗ್ಲಲ್ಲಿ ನಿಂತು ಜ್ವರ ಐತಾ ಅಂದ್ರೆ, ಹೆಂಗಸ್ರು ಒಳಕ್ಕೋಗಿ ಅಗುಳಿ ಹಾಕ್ಕಂತಾರೆ."

ಬೋಳಿಸಿದೆ.

30

ಷಣ್ಮುಖಪ್ಪ ಮಲೇರಿಯಾ ಕೆಲಸದವನು. ಅಜ್ಜಂಪುರದ ಸುತ್ತಿನ ಹಳ್ಳಿಗಳಿಗೆ ಹದಿನೈದು ದಿನಕ್ಕೊಮ್ಮೆ ಹೋಗಬೇಕು. ಪ್ರತಿ ಹಳ್ಳಿಯ ಪ್ರತಿ ಮನೆಯ ಬಾಗಿಲಲ್ಲಿ ನಿಂತು, "ಯಾರಿಗಾದ್ರೂ ಜ್ವರ ಬಂದಿತ್ತಾ? ಹೊಸಬ್ರು ಯಾರಾದ್ರೂ ಬಂದವ್ರಾ?" ಎಂದು ಕೇಳಬೇಕು. ಜ್ವರವಿದ್ದರೆ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡು, ಮಾತ್ರೆ ಕೊಡಬೇಕು. ಇದ್ದರೂ ಇಲ್ಲದಿದ್ದರೂ ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆಯಬೇಕು. ಆಮೇಲೆ ಮುಂದಿನ ಮನೆ. ಮನೆಗಳು ಮುಗಿದರೆ ಮುಂದಿನ ಊರು. ಊರುಗಳು ಮುಗಿಯುವ ಹೊತ್ತಿಗೆ ಮತ್ತೆ ಮೊದಲ ಊರಿನ ಸರದಿ.

ವರ್ಷಗಟ್ಟಲೆ ಹೀಗೆ ಸುತ್ತಿ ಅವನಿಗೆ ನಿದ್ದೆಯಲ್ಲೂ ಬಾಗಿಲುಗಳೇ ಬರುತ್ತಿದ್ದವು. ನೀಲಿ ಬಣ್ಣದ ಬಾಗಿಲು, ತಗಡಿನ ಬಾಗಿಲು, ಬಾಗಿಲೇ ಇಲ್ಲದ ಕಡೆ ತೂಗಿಬಿಟ್ಟ ಗೋಣಿತಾಟು. ಒಂದನ್ನು ತೆರೆದರೆ ಒಳಗೆ ಮನೆ ಇರುತ್ತಿರಲಿಲ್ಲ, ಇನ್ನೊಂದು ಬಾಗಿಲು ಇರುತ್ತಿತ್ತು.

"ನಿದ್ದೆಗಣ್ಣಲ್ಲಿ ನಂಗೇ ಜ್ವರ ಐತೇನಮ್ಮಾ ಅಂತ ಕೇಳ್ತೀರಲ್ಲ," ಎಂದು ಹೆಂಡತಿ ಮಲ್ಲಿಕಾಂಬ ನಗುತ್ತಿದ್ದಳು. "ಎಚ್ಚರ ಇದ್ದಾಗ ಒಂದಿನನಾದ್ರೂ ಕೇಳಿದ್ರೆ ಗಂಟೇನು ಹೋಗ್ತಿತ್ತು?"

40

ಮಂಡಿ ನೋವು ಅವನನ್ನು ತರೀಕೆರೆಯ ಸಂಜೆ ಕಂಪ್ಯೂಟರ್ ಕ್ಲಾಸಿಗೆ ಕಳಿಸಿತು. ಆಫೀಸುಗಳಿಗೆಲ್ಲ ಕಂಪ್ಯೂಟರ್ ಬರುತ್ತದಂತೆ, ಕಲಿತವರಿಗೆ ಕುರ್ಚಿ ಸಿಗುತ್ತದಂತೆ ಎಂದು ಯಾರೋ ಅಂದಿದ್ದರು. ಪಾಠ ಮಾಡಲು ಕಮಲಾಕ್ಷಮ್ಮ ಕಡೂರಿನಿಂದ ರೈಲಿನಲ್ಲಿ ಬರುತ್ತಿದ್ದಳು. ಷಣ್ಮುಖಪ್ಪನಿಗಿಂತ ಎಷ್ಟೋ ಚಿಕ್ಕವಳು. ಇಫ್ ಎಂದರೇನು ಎಂದು ಅವಳು ಹೇಳಿಕೊಟ್ಟದ್ದು ತಾನು ಬಂದ ದಾರಿಯಿಂದಲೇ.

"ಗಾಡಿ ಕಡೂರು ಬಿಟ್ಟು ಬೀರೂರಿಗೆ ಬರುತ್ತೆ. ಶಿವಮೊಗ್ಗದ ಗಾಡಿ ಆದ್ರೆ ತರೀಕೆರೆ ಕಡೆ ತಿರುಗುತ್ತೆ, ಇಲ್ಲಾಂದ್ರೆ ಅಜ್ಜಂಪುರದ ಕಡೆ. ಹಳಿ ಕವಲಾಗೋ ಕಡೆ ಒಂದು ಪ್ರಶ್ನೆ ನಿಂತಿದೆ ಅಂದ್ಕೊಳ್ಳಿ. ಅದೇ ಇಫ್."

ಆಮೇಲೆ ಸುತ್ತಿನೊಳಗೆ ಸುತ್ತು ಹೇಳಿಕೊಟ್ಟಳು: ಫಾರ್ ಎಂದರೆ ಸುತ್ತು ಶುರು, ನೆಕ್ಸ್ಟ್ ಎಂದರೆ ಮುಂದಿನದಕ್ಕೆ ನಡೆ. ಹೊರಸುತ್ತು ಒಂದು ಹೆಜ್ಜೆ ಇಡುವಷ್ಟರಲ್ಲಿ ಒಳಸುತ್ತು ಪೂರಾ ಒಂದು ಪ್ರದಕ್ಷಿಣೆ ಹಾಕಿ ಬಂದಿರಬೇಕು. "ನಿಮ್ಮ ನಿಮ್ಮ ಕೆಲಸದಿಂದಲೇ ಒಂದು ಉದಾಹರಣೆ ಬರೀರಿ," ಎಂದಳು. ಷಣ್ಮುಖಪ್ಪನಿಗೆ ಅಂಥ ಖುಷಿ ಎಂದೂ ಆಗಿರಲಿಲ್ಲ. ತನ್ನ ಇಡೀ ಜೀವಮಾನ ಐದು ಸಾಲಿನಲ್ಲಿ ಕೂತುಬಿಟ್ಟಿತಲ್ಲ ಎಂದು ಬೋರ್ಡಿನ ಮೇಲೆ ಬರೆದ:

ಫಾರ್ ಊರು
ಫಾರ್ ಮನೆ
ನೆಕ್ಸ್ಟ್ ಮನೆ
ಇಫ್ ಜ್ವರ ದೆನ್ ಮಾತ್ರೆ
ನೆಕ್ಸ್ಟ್ ಊರು

ಕಮಲಾಕ್ಷಮ್ಮ ತಲೆ ವಾಲಿಸಿ ನೋಡಿದಳು.

"ಷಣ್ಮುಖಪ್ಪನವ್ರೇ, ನಿಮ್ಮ ಇಫ್ ಎಲ್ಲಿ ನಿಂತಿದೆ ನೋಡಿ. ಮನೆಗಳ ಸುತ್ತು ಮುಗಿದ ಮೇಲೆ ನಿಂತಿದೆ. ನಿಮ್ಮ ಪ್ರೋಗ್ರಾಮು ಎಲ್ಲಾ ಮನೆ ಮುಂದೇನೂ ಸುಮ್ಮನೆ ನಡೆದು ಹೋಗುತ್ತೆ, ಒಂದು ಬಾಗಿಲಲ್ಲೂ ಬಾಯಿ ಬಿಡಲ್ಲ. ಕೊನೆಗೆ ಊರಬಾಗಿಲಲ್ಲಿ ನಿಂತು, ಇಡೀ ಊರಿಗೆ ಸೇರಿಸಿ ಒಂದೇ ಸಲ, ಜ್ವರ ಇದೆಯಾ ಅನ್ನುತ್ತೆ. ಹಾಗೆ ಯಾರಾದ್ರೂ ಕೇಳ್ತಾರಾ?"

ಕ್ಲಾಸು ನಕ್ಕಿತು. ಷಣ್ಮುಖಪ್ಪನ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

(ಇಲ್ಲಿ ಗುಡುಗು ಹಾಕೋಣ ಅನ್ನಿಸಿತ್ತು. ಬೇಡ, ಸೀಮೆಸುಣ್ಣವೇ ಸಾಕು.)

35

ನೋಡಿ, ಮರೆತಿದ್ದೆ. ನಲವತ್ತಕ್ಕಿಂತ ಮೊದಲು ಇದು ಬರಬೇಕಿತ್ತು.

ಹಾಗೆ ಕೇಳುವವನೊಬ್ಬ ಇದ್ದ, ಷಣ್ಮುಖಪ್ಪನೇ. ಕ್ಲಾಸಿರುವ ದಿನ ಷಣ್ಮುಖಪ್ಪ ಹೋಗುತ್ತಿದ್ದ ಕೊನೆಯ ಊರಿನಲ್ಲಿ (ಹೆಸರು ಬೇಡ, ಜಗಳಕ್ಕೆ ಬರುತ್ತಾರೆ) ಊರಬಾಗಿಲಿಗೇ ಸೋಮಶೇಖರಪ್ಪನ ಮನೆ. ಅಗಲವಾದ ಜಗಲಿ, ಸದಾ ಕಾಫಿ.

"ಏನ್ ಸೋಮಣ್ಣಾರೆ, ಊರಲ್ಲಿ ಜ್ವರ ಗಿರ ಏನಾದ್ರೂ?"

"ಯಾರಿಗೂ ಇಲ್ಲ ಕಣಯ್ಯ. ಎಲ್ಲಾ ಗುಂಡುಕಲ್ಲಿನಂಗವ್ರೆ. ಕಾಫಿ ಕುಡಿ, ಬಸ್ಸಿಗೆ ಹೊತ್ತಾಯ್ತು ನಿಂಗೆ."

ಸೋಮಶೇಖರಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಅವನ ಜಗಲಿಯಿಂದ ಹುಣಸೆಮರದವರೆಗೆ ಕಾಣುತ್ತಿತ್ತು, ಅಲ್ಲಿಯವರೆಗೆ ನಿಜವಾಗಿಯೂ ಯಾರಿಗೂ ಜ್ವರವಿರಲಿಲ್ಲ. ಹುಣಸೆಮರದ ಆಚೆ ಕೇರಿ. ಕೇರಿಯ ಕೊನೆಗೆ ದ್ಯಾವಮ್ಮನ ಮನೆ. ಆ ಮನೆಗೆ ಹೊಸಬರೊಬ್ಬರು ಬಂದಿದ್ದರು: ಕಾಲುವೆ ತೋಡುವ ಚಾನಲ್ ಕೆಲಸಕ್ಕೆ ಹೋಗಿದ್ದ ಮಗಳು ಲಿಂಗಮ್ಮ, ಚೊಚ್ಚಲ ಹೆರಿಗೆಗೆ. ದಿನ ಬಿಟ್ಟು ದಿನ ಅವಳಿಗೆ ಚಳಿ ಹತ್ತಿ ಜ್ವರ ಏರುತ್ತಿತ್ತು.

ಇದು ನನಗೆ ಗೊತ್ತು, ಈಗ ನಿಮಗೂ ಗೊತ್ತು. ಷಣ್ಮುಖಪ್ಪನಿಗೆ ಗೊತ್ತಿಲ್ಲ. ಅವನು ಕೇಳಿಲ್ಲ.

50

"ಬೇಜಾರು ಮಾಡ್ಕೋಬೇಡಿ," ಎಂದಳು ಕಮಲಾಕ್ಷಮ್ಮ. "ಆ ಇಫ್ ಸಾಲನ್ನ ಎತ್ತಿ ಮನೆಗಳ ಸುತ್ತಿನ ಒಳಗಡೆ ಇಡಿ. ಆಯ್ತಾ? ಈಗ ನೀವೇ ಮಿಷನ್ನು. ಒಂದೊಂದೇ ಮನೆ ದಾಟ್ತಾ ಬನ್ನಿ. ಮಿಷನ್ನು ಯೋಚನೆ ಮಾಡಲ್ಲ, ಯಾವ ಮನೇನೂ ಬಿಡಲ್ಲ."

ಷಣ್ಮುಖಪ್ಪ ಕಣ್ಣು ಮುಚ್ಚಿದ. ಮೈ ಬೆಚ್ಚಗಾಗಿತ್ತು. ಊರು ಹಸಿರು ಬೆಳಕಿನಲ್ಲಿ ತೇಲುತ್ತಿತ್ತು, ಮನೆಗಳು ನೆಲಕ್ಕೆ ಅಂಟಿರಲಿಲ್ಲ. ನೀಲಿ ಬಾಗಿಲು: ಇಲ್ಲ. ಮುಂದೆ. ತಗಡಿನ ಬಾಗಿಲು: ಇಲ್ಲ. ಮುಂದೆ. ಹುಣಸೆಮರದ ನೆರಳು ಹೊಳೆಯಂತೆ ಹರಿಯುತ್ತಿತ್ತು, ಪಂಚೆ ಎತ್ತಿಕೊಂಡು ದಾಟಿದ. ಬಾಗಿಲುಗಳು ತಾವಾಗಿ ಎದುರಿಗೆ ಬಂದು ನಿಂತು, ಉತ್ತರ ಹೇಳಿ, ಹಿಂದಕ್ಕೆ ಸರಿದವು. ಕೊನೆಗೆ ಒಂದು ಗೋಣಿತಾಟು ಗಾಳಿಯಿಲ್ಲದೆ ಅಲುಗಾಡಿತು. ಪಕ್ಕದ ಗೋಡೆಯ ಮೇಲೆ ತನ್ನದೇ ಕೈಬರಹದ ತಾರೀಖು, ಎಷ್ಟು ಹಿಂದಿನದೋ ಓದಲಾಗಲಿಲ್ಲ.

ಅಲ್ಲಿ ಮಿಷನ್ನು ನಿಂತಿತು.

"ಯಾಕೆ ನಿಲ್ಲಿಸಿದ್ರಿ? ಜ್ವರ ಇದೆಯೋ ಇಲ್ವೋ?"

"ಗೊತ್ತಿಲ್ಲ ಮೇಡಂ. ಇಲ್ಲ ಅಂತ ಬರ್ಕೊಂಡಿದೀನಿ. ಗೊತ್ತಿಲ್ಲ."

60

ಇನ್ನು ಮುಗಿಸಬಹುದು. ಮೂರು ಮುಕ್ತಾಯ ಯೋಚಿಸಿದ್ದೇನೆ.

ಮೊದಲನೆಯದು: ಮರುದಿನ ಬೆಳಗ್ಗೆ ಷಣ್ಮುಖಪ್ಪ ಹುಣಸೆಮರದ ಹತ್ತಿರ ಬರುವಾಗಲೇ ಅಳು ಕೇಳಿಸುತ್ತದೆ.

ಇಷ್ಟು ಬರೆದಿದ್ದೆ ಅಷ್ಟೇ, ದ್ಯಾವಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹಾಳೆಯ ಮೇಲೇ ಬಂದು ನಿಂತಳು. "ಲೇ ಕತೆ ಬರಿಯೋನೇ! ನಿನ್ನ ಕತೆ ತೂಕ ಬರ್ಲಿ ಅಂತ ನನ್ನ ಮಗಳನ್ನ ಸಾಯಿಸ್ತೀಯೇನೋ? ಸಾಯೋಕೆ ನಮ್ಮ ಕೇರಿಯೋರೇ ಬೇಕಾ ನಿಂಗೆ?"

ಹೊಡೆದು ಹಾಕಿದೆ. ಎರಡನೆಯದು: ಲಿಂಗಮ್ಮನಿಗೆ ಜ್ವರವೇ ಇಲ್ಲ. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ.

"ಇದೂ ಬ್ಯಾಡ. ಜ್ವರ ಐತೆ ಅಂತ ನೀನೇ ಬರ್ದು, ಈಗ ಇಲ್ಲ ಅಂತೀಯಾ? ನೀನೂ ಸೋಮಣ್ಣಾರ ಜಗಲಿ ಮೇಲೆ ಕಾಫಿ ಕುಡ್ಕಂಡೇ ಬರೀತಿದ್ದೀಯ ಕಣಪ್ಪ. ನಮ್ಮನೆ ಒಳಗೆ ಏನೈತೆ ಅಂತ ಒಂದು ಸಾಲಾದ್ರೂ ಬರ್ದಿದ್ದೀಯಾ? ತಾಟು ಎತ್ತಿ ಒಳಕ್ಕೆ ಬಾ."

ಅದನ್ನೂ ಹೊಡೆದು ಹಾಕಿದೆ. ಮೂರನೆಯದನ್ನು ಅವಳಿಗೆ ತೋರಿಸಲೇ ಇಲ್ಲ, ನಾನೇ ಹರಿದು ಹಾಕಿದೆ.

70

ಬೆಳಗ್ಗೆ ಷಣ್ಮುಖಪ್ಪ ಊರಬಾಗಿಲಿನಿಂದ ಹೋಗಲಿಲ್ಲ. ಎಷ್ಟೋ ದಿನ ಕ್ಲಾಸಿಗೆ ಹೋಗಿದ್ದಕ್ಕೆ ಅವನಿಗೆ ಇದೊಂದು ತಲೆಗೆ ಹತ್ತಿತ್ತು: ಸುತ್ತನ್ನು ಹಿಂದಿನಿಂದಲೂ ಓಡಿಸಬಹುದು, ಕೊನೆಯ ಮನೆಯಿಂದ ಮೊದಲನೆಯದಕ್ಕೆ. ಸ್ಟೆಪ್ ಮೈನಸ್ ಒನ್ ಎಂದು ಬರೆದರೆ ಸಾಕು. ಸೈಕಲ್ಲನ್ನು ಹೊಲದ ಬದುವಿನ ಮೇಲೆ ತಳ್ಳಿಕೊಂಡು, ಹಲ್ಲು ಕಟಕಟಿಸುತ್ತ, ಕೇರಿಯ ಹಿಂದಿನಿಂದ ಬಂದ. ಬದುವಿನ ಹುಲ್ಲೆಲ್ಲ ಮಂಜಿನಲ್ಲಿ ಬೆಳ್ಳಗಿತ್ತು. ನಡೆಯುತ್ತಿರುವುದು ತಾನೋ ದಾರಿಯೋ ತಿಳಿಯಲಿಲ್ಲ.

ಗೋಣಿತಾಟಿನ ಮುಂದೆ ನಿಂತ.

"ಮನೇಲಿ ಯಾರಿಗಾದ್ರೂ ಜ್ವರ ಬಂದಿತ್ತಾ? ಹೊಸಬ್ರು ಬಂದವ್ರಾ?"

"ಓಹೋ, ಜ್ವರದಪ್ಪಾರು! ದಾರಿ ತಪ್ಪಿ ಬಂದ್ರಾ?" ದ್ಯಾವಮ್ಮ ತಾಟು ಸರಿಸಿದಳು. "ಆ ಗೋಡೆ ನೋಡಿ. ನೀವು ಬರ್ದಿದ್ದ ತಾರೀಕಿನ ಮೇಲೆ ಕೆಮ್ಮಣ್ಣು ಸಾರಿಸಿ, ಅದೂ ಉದುರೋಗೈತೆ."

ಒಳಗೆ ಹೋದೆವು. (ನಾನೂ.) ಮಣ್ಣಿನ ನೆಲ ತಣ್ಣಗಿತ್ತು. ಒಲೆಯ ಮೇಲೆ ರೊಟ್ಟಿ ಹಂಚು, ಗೂಡಿನಲ್ಲಿ ಕನ್ನಡಿ, ಮೂಲೆಯಲ್ಲಿ ಮಗುವಿಗೆಂದು ಹೊಲಿದಿಟ್ಟ ಪುಟ್ಟ ಕೌದಿ. ಲಿಂಗಮ್ಮ ಕಂಬಳಿಯೊಳಗೆ ಮುದುಡಿ ಮಲಗಿದ್ದಳು, ತುಟಿ ಬೆಳ್ಳಗಾಗಿತ್ತು. ಷಣ್ಮುಖಪ್ಪ ಸೂಜಿ ತೆಗೆದಾಗ ಕಣ್ಣು ಬಿಟ್ಟಳು.

"ಇರೋದೇ ಇಷ್ಟು ರಕ್ತ. ಅದನ್ನೂ ತಗಂಡೋಗೋಕೆ ಬಂದ್ರಾ ಅಣ್ಣಾರೆ?"

"ಒಂದು ಹನಿ ಕಣಮ್ಮ. ಇನ್ನೂ ಮೊದ್ಲೇ ಬರ್ಬೇಕಿತ್ತು."

ಹನಿ ಗಾಜಿನ ಮೇಲೆ ಹರಡಿತು. ಮಾತ್ರೆ ನುಂಗಿಸಿ ಹೇಳಿದ: "ತುಂಬಿದ ಬಸುರಿ. ಬರೀ ಮಾತ್ರೆ ನೆಚ್ಕಂಡು ಕೂರ್ಬೇಡಿ ದ್ಯಾವಮ್ಮ. ಇವತ್ತೇ ತರೀಕೆರೆ ಆಸ್ಪತ್ರೆಗೆ ಕರ್ಕೊಂಡೋಗಿ. ಮಧ್ಯಾಹ್ನದ ಬಸ್ಸಿಗೆ ನಾನೂ ಬತ್ತೀನಿ."

ದ್ಯಾವಮ್ಮ ಅವನ ಕೈಯನ್ನೇ ನೋಡುತ್ತಿದ್ದಳು. "ಅದ್ಯಾಕಂಗೆ ನಡುಗ್ತೈತೆ ಕೈ? ಊರೋರ್ಗೆಲ್ಲ ನೀವು ಕೇಳ್ತೀರಿ. ನಿಮ್ಗೆ ಯಾರು ಕೇಳ್ತಾರೆ?"

ಎಂದವಳು ಅಂಗೈ ಚಾಚಿ ಅವನ ಹಣೆಯ ಮೇಲಿಟ್ಟಳು. ಯಾವ ಕೇರಿಯ ಕೈ ಯಾವ ಬೀದಿಯ ಹಣೆ ಮುಟ್ಟಿತು ಎಂದು ಲೆಕ್ಕ ಇಡುವವರು ಊರಬಾಗಿಲಲ್ಲಿ ಇದ್ದರು. ಇಲ್ಲಿ ಹಣೆ ಸುಡುತ್ತಿತ್ತು, ಕೈ ತಣ್ಣಗಿತ್ತು.

ಷಣ್ಮುಖಪ್ಪ ತನ್ನ ಬೆರಳನ್ನೂ ಚುಚ್ಚಿಕೊಂಡ. ಮಾತ್ರೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ದ್ಯಾವಮ್ಮ ತಡೆದಳು. "ಬರೀ ಹೊಟ್ಟೇಲಿ ನುಂಗ್ಬ್ಯಾಡಿ ಅಂತ ನೀವೇ ಹೇಳ್ತೀರಲ್ಲ," ಎಂದು ಹಂಚಿನ ಮೇಲಿನ ರೊಟ್ಟಿ ಮುರಿದು ಕೊಟ್ಟಳು. ಅವನು ಅಲ್ಲೇ ಕೂತು ತಿಂದ.

80

ಹೊರಗೆ ಬಂದು ಗೋಡೆಯ ಮೇಲೆ ತಾರೀಖು ಬರೆದ. ಪಕ್ಕದ ಮನೆ. ಅದರ ಪಕ್ಕದ್ದು. "ಸಾಕು, ಬಸ್ಸು ಹೊರಡುತ್ತೆ, ಉಳಿದದ್ದು ಬಿಡು," ಎಂದೆ ನಾನು. "ಬಿಟ್ಟೇ ಹಿಂಗಾಗಿದ್ದು ಸಾರ್," ಎಂದು ಮುಂದಿನ ಬಾಗಿಲಿಗೆ ಹೋದ. ಎಲ್ಲಕ್ಕಿಂತ ಕೊನೆಗೆ ಸೋಮಶೇಖರಪ್ಪನ ಜಗಲಿ ಬಂತು.

"ಏನಯ್ಯ ಷಣ್ಮುಖ, ಇವತ್ತು ಹಿತ್ತಲ ಕಡೆಯಿಂದ ಸವಾರಿ? ಯಾರಿಗೂ ಜ್ವರ ಇಲ್ಲ ಕಣಯ್ಯ, ಎಲ್ಲಾ ಗುಂಡುಕಲ್ಲಿನಂಗೆ..."

"ನಿಮ್ಮನೇದು ಹೇಳಿ ಸೋಮಣ್ಣಾರೆ. ಸಾಕು."

ಕಾಫಿ ಬರಲಿಲ್ಲ.

90

ಮಧ್ಯಾಹ್ನದ ಬಸ್ಸು ತರೀಕೆರೆ ದಾರಿಯಲ್ಲಿದೆ. ಕಿಟಕಿಗೆ ಒರಗಿ ಲಿಂಗಮ್ಮ, ಅವಳ ತಲೆಗೆ ಹೆಗಲು ಕೊಟ್ಟು ದ್ಯಾವಮ್ಮ. ಹಿಂದಿನ ಸೀಟಿನಲ್ಲಿ ಷಣ್ಮುಖಪ್ಪ, ಅವನ ತೊಡೆಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಎರಡು ಗಾಜಿನ ಪಟ್ಟಿ ಒಂದನ್ನೊಂದು ತಾಗಿ ಸಣ್ಣಗೆ ಕಿಣಿಗುಟ್ಟುತ್ತಿವೆ. ಬಿಸಿಲು ಅರೆನಿದ್ದೆಯಂತೆ ಒಳಗೆ ಬಂದು ಹೋಗುತ್ತಿದೆ.

ಇಲ್ಲಿ ಎಂಡ್ ಎಂದು ಬರೆಯಬೇಕು. ಬೇಸಿಕ್ ಕಲಿಸಿದವರು ಹಾಗೇ ಹೇಳಿದ್ದಾರೆ. ನನ್ನ ಕೈ ಬರುತ್ತಿಲ್ಲ.

ಲಿಂಗಮ್ಮ ಉಳಿದಳಾ, ಮಗು ಏನಾಯಿತು ಎಂದು ಕೇಳುತ್ತಿದ್ದೀರಿ. ಕೇಳಿಸುತ್ತಿದೆ. ಆದರೆ ನೀವು ನಿಂತು ಕೇಳುತ್ತಿರುವುದು ಊರಬಾಗಿಲಲ್ಲಿ, ನಾನು ಕೂತಿರುವುದು ಜಗಲಿಯ ಮೇಲೆ. ಎಲ್ಲರೂ ಚೆನ್ನಾಗಿದ್ದಾರೆ ಎಂದುಬಿಡುವುದು ನನಗೆ ಬಹಳ ಸುಲಭ. ಹೇಳುವುದಿಲ್ಲ.

ಹುಣಸೆಮರ ದಾಟಿ ನೇರ ಹೋಗಿ. ಕೊನೆಯ ಮನೆ, ಗೋಣಿತಾಟಿನ ಬಾಗಿಲು. ಪಕ್ಕದ ಗೋಡೆಯ ಮೇಲೆ ತಾರೀಖು ಇದೆ, ಅದರ ಕೆಳಗೆ ಇನ್ನೊಂದು ಬರೆಯುವಷ್ಟು ಜಾಗ ಬಿಟ್ಟಿದೆ.